ಗೊರಕೆ ಅಪ್ಪನದು, ಕಾಯಿಲೆ ಯಾರದು?

ಕಳೆದ ಮೇ ತಿಂಗಳಲ್ಲಿ ಕೆ.ಆರ್. ನಗರದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಮುಹೂರ್ತ ಬೆಳಿಗ್ಗೆ ಆರೂವರೆಗೆ. ಹಾಗಾಗಿ ಹುಣಸೂರಿನಿಂದ ನಾವು, ಪಿರಿಯಾಪಟ್ಟಣದ ಕಡೆಯಿಂದ ಸೋದರಮಾವನ ಮನೆಯವರು, ಎಚ್.ಡಿ. ಕೋಟೆಯಿಂದ ದೊಡ್ಡಪ್ಪನ ಮಕ್ಕಳು, ಎಲ್ಲರೂ ಹಿಂದಿನ ದಿನವೇ ಛತ್ರ ಸೇರಿದ್ದೆವು. ರಿಸೆಪ್ಷನ್ ಮುಗಿದು, ಫೋಟೋ ಮುಗಿದು, ಗಂಡಸರೆಲ್ಲ ಮೇಲಿನ ಹಾಲ್‌ನಲ್ಲಿ ಜಮಖಾನ ಹಾಸಿಕೊಂಡು ಮಲಗುವಾಗ ರಾತ್ರಿ ಹನ್ನೆರಡೂವರೆ. ಹೆಂಗಸರು ಕೆಳಗಿನ ರೂಮುಗಳಲ್ಲಿ.

ನನಗೆ ಆ ವಾರ ಆಫೀಸಿನ ಆನ್-ಕಾಲ್ ಡ್ಯೂಟಿ. ಸರ್ವರ್ ಯಾವಾಗ ಬೇಕಾದರೂ ಕೈಕೊಡಬಹುದು, ಕೊಟ್ಟರೆ ಎದ್ದಿರಬೇಕು. ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದೆ. ಸುತ್ತ ಮೂವತ್ತು ಜನರ ಗೊರಕೆ. ಒಬ್ಬರದು ರೈಸ್ ಮಿಲ್ಲು, ಒಬ್ಬರದು ಕುಕ್ಕರು, ನಮ್ಮಪ್ಪನದು ಒಂದೇ ಸಮನೆ ಓಡುವ ಪಂಪ್‌ಸೆಟ್ಟು. ಪಕ್ಕದಲ್ಲೇ ಮಲಗಿದ್ದ ಸೋದರಮಾವನದು ಮಾತ್ರ ಹಳೇ ಟ್ರ್ಯಾಕ್ಟರ್ ದಿಣ್ಣೆ ಹತ್ತುವ ಹಾಗೆ ಏರುತ್ತಾ ಏರುತ್ತಾ ಹೋಗಿ, ಗಕ್ ಅಂತ ನಿಂತುಬಿಡ್ತು.

ಸದ್ಯ, ಮಗ್ಗುಲು ತಿರುಗಿದ್ರು ಅಂದುಕೊಂಡೆ. ನೋಡಿದರೆ ತಿರುಗಿಲ್ಲ. ಎದೆ ಏರಿಳೀತಾ ಇದೆ, ಹೊಟ್ಟೆ ಒದ್ದಾಡ್ತಾ ಇದೆ, ಆದರೆ ಗಾಳಿಯ ಸದ್ದೇ ಇಲ್ಲ. ಗಾಬರಿಯಲ್ಲಿ ಎಣಿಸತೊಡಗಿದೆ. ಹತ್ತು, ಹದಿನೈದು, ಇಪ್ಪತ್ತು. ಇಪ್ಪತ್ತೆರಡಕ್ಕೆ ನೀರಿನಲ್ಲಿ ಮುಳುಗಿದವರು ತಲೆ ಎತ್ತಿದ ಹಾಗೆ ಒಂದು ದೊಡ್ಡ ಉಸಿರು ಎಳೆದುಕೊಂಡು, ಮತ್ತೆ ಟ್ರ್ಯಾಕ್ಟರ್ ಶುರು. ಒಂದೇ ನಿಮಿಷಕ್ಕೆ ಮತ್ತೆ ಬಂದ್. ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಹತ್ತು ನಿಮಿಷ ನೋಡಿದೆ. ಏಳು ಸಲ.

ಬೆಳಿಗ್ಗೆ ಹೇಳಿದರೆ ಮಾವ ನಕ್ಕುಬಿಟ್ಟರು. "ಏನ್ಲಾ ಅಳಿಯ, ರಾತ್ರಿಯೆಲ್ಲ ನನ್ ಗೊರ್ಕೆ ಎಣಿಸ್ಕೊಂಡು ಕೂತಿದ್ಯಾ? ಅದಕ್ಕೂ ಸಂಬಳ ಕೊಡ್ತಾರಾ ನಿಮ್ ಕಂಪನೀಲಿ?"

ಆ ನಗುವಿನಲ್ಲಿ ನಾನೂ ನಕ್ಕೆ. ನಮ್ಮ ಕಡೆ ಗೊರಕೆ ಅಂದರೆ ತಮಾಷೆಯ ವಸ್ತು, ಇಲ್ಲಾಂದ್ರೆ ಮೈಮುರಿದು ದುಡಿದವನ ಲಕ್ಷಣ. ಹಗಲು ತೂಕಡಿಸಿದರೂ ಅದಕ್ಕೊಂದು ಕಾರಣ ಸದಾ ರೆಡಿ. ಪಿರಿಯಾಪಟ್ಟಣ, ಹುಣಸೂರಿನ ತಂಬಾಕು ಬೆಳೆಗಾರರನ್ನು ಕೇಳಿ. ಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ನಿನ ಬೆಂಕಿ ಆರದ ಹಾಗೆ, ಹೆಚ್ಚಾಗದ ಹಾಗೆ ಹಗಲೂ ರಾತ್ರಿ ಕಾಯಬೇಕು. ಒಂದು ಸಲ ತುಂಬಿದ ಬ್ಯಾರನ್ ಹದಕ್ಕೆ ಬರೋಕೆ ಐದಾರು ದಿನ. ಹೀಗೆ ರಾತ್ರಿ ಸೌದೆ ಹಾಕಿದವನು ಹಗಲು ಎಲ್ಲಿ ಕೂತರಲ್ಲಿ ನಿದ್ದೆ ಹೋದರೆ ಯಾರು ತಾನೇ ಅನುಮಾನಪಡುತ್ತಾರೆ? ನಮಗೂ ಅಷ್ಟೇ. ನೈಟ್ ಶಿಫ್ಟು, ಡೆಡ್‌ಲೈನು, ರಾತ್ರಿ ಎರಡರವರೆಗೆ ರೀಲ್ಸು. ಆಯಾಸಕ್ಕೆ ನಮ್ಮ ಹತ್ತಿರ ಎಷ್ಟು ಸಮಜಾಯಿಷಿಗಳಿವೆ ಅಂದರೆ, ನಿಜವಾದ ಕಾರಣಕ್ಕೆ ಜಾಗವೇ ಇಲ್ಲ.

ಮಾವನದು ಸ್ಲೀಪ್ ಅಪ್ನಿಯಾ ಇರಬಹುದು ಅಂತ ನನಗೆ ಹೊಳೆದಿದ್ದು ಬಪ್ಪಿ ಲಹರಿಯಿಂದ. ಮೈತುಂಬ ಚಿನ್ನ ಹಾಕಿಕೊಳ್ಳುತ್ತಿದ್ದ ಸಂಗೀತ ನಿರ್ದೇಶಕರು, ನಮ್ಮ ದ್ವಾರಕೀಶರ 'ಆಫ್ರಿಕಾದಲ್ಲಿ ಶೀಲಾ'ಗೂ ಸಂಗೀತ ಕೊಟ್ಟವರು. 2022ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ವೈದ್ಯರು ಹೇಳಿದ ಕಾರಣದಲ್ಲಿ ಈ ಹೆಸರಿತ್ತು. ಆಗ ಓದಿ ಮರೆತಿದ್ದೆ.

ಆಗೋದಿಷ್ಟು. ನಿದ್ದೆಯಲ್ಲಿ ಮೈಯಿನ ಎಲ್ಲಾ ಮಾಂಸಖಂಡಗಳ ಜೊತೆ ಗಂಟಲ ಹಿಂಭಾಗವೂ ಸಡಿಲವಾಗುತ್ತೆ. ಎಳನೀರಿಗೆ ಹಾಕಿದ ಪೇಪರ್ ಸ್ಟ್ರಾ ನೆಂದು ಮೆತ್ತಗಾದ ಮೇಲೆ ಜೋರಾಗಿ ಎಳೆದರೆ ಒಳಕ್ಕೆ ಅಂಟಿಕೊಳ್ಳುತ್ತಲ್ಲ, ಹಾಗೆ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತೆ. ಮಿದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸಿ, ದಾರಿ ಬಿಡಿಸಿ, ಮತ್ತೆ ಮಲಗಿಸುತ್ತೆ. ಕನಿಷ್ಠ ಹತ್ತು ಸೆಕೆಂಡು ಹೀಗೆ ನಿಂತರೆ ಅದು ಒಂದು ಲೆಕ್ಕ. ಗಂಟೆಗೆ ಇಂಥವು ಐದಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, ಹದಿನೈದು ದಾಟಿದರೆ ಮಧ್ಯಮ, ಮೂವತ್ತು ದಾಟಿದರೆ ತೀವ್ರ. ಮಜಾ ಏನೆಂದರೆ ಇಷ್ಟು ಸಲ ಎದ್ದವನಿಗೆ ಬೆಳಿಗ್ಗೆ ಒಂದೂ ನೆನಪಿರಲ್ಲ. ರಾತ್ರಿಯಿಡೀ ರೀಸ್ಟಾರ್ಟ್ ಆಗುತ್ತಿರುವ ಸರ್ವರು, ಆದರೆ ಲಾಗ್ ಫೈಲೇ ಇಲ್ಲ. ಪಕ್ಕದಲ್ಲಿ ಮಲಗಿದವರೇ ಲಾಗ್ ಫೈಲು.

ಮದುವೆ ಮುಗಿಸಿ ಬಂದ ಮೇಲೆ, ಹೊಸ ಹುಚ್ಚು ಹಿಡಿದವರ ಹಾಗೆ ಇದರ ಬಗ್ಗೆ ಓದತೊಡಗಿದೆ. ಯಾರಿಗೆ ಬರುತ್ತೆ ಅನ್ನುವುದಕ್ಕೆ ಟೊರಾಂಟೊದ ಅರಿವಳಿಕೆ ವೈದ್ಯರು 2008ರಲ್ಲಿ ಮಾಡಿದ ಸ್ಟಾಪ್-ಬ್ಯಾಂಗ್ ಅನ್ನೋ ಎಂಟು ಪ್ರಶ್ನೆಗಳ ಪಟ್ಟಿಯಿದೆ. ಜೋರು ಗೊರಕೆ ಇದೆಯಾ, ಹಗಲು ಸುಸ್ತಾಗುತ್ತಾ, ನಿದ್ದೆಯಲ್ಲಿ ಉಸಿರು ನಿಂತಿದ್ದನ್ನು ಯಾರಾದರೂ ನೋಡಿದ್ದಾರಾ, ಬಿ.ಪಿ. ಇದೆಯಾ, ಬಿಎಂಐ 35 ದಾಟಿದೆಯಾ, ವಯಸ್ಸು 50 ದಾಟಿದೆಯಾ, ಕುತ್ತಿಗೆ ಸುತ್ತಳತೆ 40 ಸೆಂಟಿಮೀಟರ್ ದಾಟಿದೆಯಾ, ಗಂಡಸಾ. ಹೌದು ಅಂದಿದ್ದಕ್ಕೆಲ್ಲ ಒಂದೊಂದು ಅಂಕ. ಮೂರು ಬಂದರೆ ಯೋಚಿಸಿ, ಐದು ಬಂದರೆ ಡಾಕ್ಟರ ಹತ್ತಿರ ಹೊರಡಿ.

ಕುತ್ತಿಗೆ ಯಾಕೆ ಅಂದರೆ, ಹೊರಗೆ ಕಾಣುವ ಕೊಬ್ಬು ಒಳಗೂ ಗಂಟಲ ಸುತ್ತ ಕೂತು ದಾರಿ ಕಿರಿದು ಮಾಡುತ್ತೆ. ಟೇಪ್ ಹುಡುಕಬೇಡಿ, ನಿಮ್ಮ ಫಾರ್ಮಲ್ ಶರ್ಟಿನ ಕಾಲರ್ ತಿರುಗಿಸಿ. ಅಲ್ಲಿ 39, 40, 42 ಅಂತ ಬರೆದಿರೋದು ಸೆಂಟಿಮೀಟರೇ. ಕ್ಯಾಂಪಸ್ ಇಂಟರ್‌ವ್ಯೂಗೆ ಹೋದಾಗ ನನ್ನದು 38. ಈಗ 42. ವರ್ಕ್ ಫ್ರಂ ಹೋಮ್‌ನಲ್ಲಿ ನಾನು ಗಳಿಸಿದ ಇನ್‌ಕ್ರಿಮೆಂಟು ಅದು. ಹೆಂಡತಿಯ ಸಾಕ್ಷ್ಯವನ್ನೂ ಸೇರಿಸಿದರೆ ಮೂವತ್ತರ ವಯಸ್ಸಿಗೇ ನನಗೆ ಮೂರು ಅಂಕ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ನಡೆದ ಅಧ್ಯಯನದ ಪ್ರಕಾರ, ಇರುವ ತೂಕದ ಮೇಲೆ ನೂರಕ್ಕೆ ಹತ್ತರಷ್ಟು ಏರಿದರೆ ಉಸಿರು ನಿಲ್ಲುವ ಲೆಕ್ಕ ಸುಮಾರು 32ರಷ್ಟು ಏರುತ್ತೆ. ಅಷ್ಟೇ ತೂಕ ಇಳಿಸಿದರೆ 26ರಷ್ಟು ಇಳಿಯುತ್ತೆ. 

ಆದರೆ ಕೊಬ್ಬೊಂದೇ ಕಥೆಯಲ್ಲ. ಎಚ್.ಡಿ. ಕೋಟೆಯ ನಮ್ಮ ದೊಡ್ಡಪ್ಪನ ಮಗ ಕಡ್ಡಿಯಂಥವನು. ಕಬಿನಿ ಹಿನ್ನೀರಿನ ರೆಸಾರ್ಟುಗಳಿಗೆ ಟೂರಿಸ್ಟ್ ಗಾಡಿ ಓಡಿಸ್ತಾನೆ. ಅವನ ಗಲ್ಲ ಸ್ವಲ್ಪ ಹಿಂದಕ್ಕಿದೆ. ದವಡೆ ಚಿಕ್ಕದಾಗಿ ಹಿಂದೆ ಸರಿದಿದ್ದರೆ ನಾಲಿಗೆಗೆ ಜಾಗ ಸಾಲದೆ, ಮಲಗಿದಾಗ ಅದು ಗಂಟಲ ಕಡೆ ಬೀಳುತ್ತೆ. ಮುಖದ ಮೂಳೆಯ ರಚನೆಯಿಂದಾಗಿ ಏಷ್ಯಾದ ಜನಕ್ಕೆ ಕಡಿಮೆ ತೂಕದಲ್ಲೇ ಈ ಕಾಯಿಲೆ ಬರೋದುಂಟು. ಹಾಗಾಗಿ ಬಿಎಂಐ 35 ಅನ್ನೋ ಗೆರೆಯನ್ನು ನಮ್ಮವರು ನಂಬಿಕೊಂಡು ಕೂರಬಾರದು. ನಮ್ಮ ದೇಶದಲ್ಲಿ 25ಕ್ಕೇ ಬೊಜ್ಜು ಅಂತ ಲೆಕ್ಕ. ಅವನಿಗೆ ಮೂಗೂ ಸದಾ ಕಟ್ಟಿರುತ್ತೆ, ಅದೂ ಕಾರಣವೇ. ಈ ಕಾಯಿಲೆ ಇದ್ದು ಚಿಕಿತ್ಸೆ ಪಡೆಯದೆ ಗಾಡಿ ಓಡಿಸುವವರಿಗೆ ಅಪಘಾತದ ಸಾಧ್ಯತೆ ಎರಡು ಮೂರು ಪಟ್ಟು ಹೆಚ್ಚು ಅಂತ ಅವನಿಗೆ ಫೋನ್ ಮಾಡಿ ಹೇಳಿದೆ. "ಅಣ್ಣ, ಇದನ್ನ ಓನರ್ ಹತ್ರ ಹೇಳ್ಬುಟ್ಟೀಯ" ಅಂದ. ಅವನ ಭಯವೂ ಸುಳ್ಳಲ್ಲ.

ಅಕ್ಕನ ಮಗ ಏಳು ವರ್ಷದವನು, ಬಾಯಿ ತೆರೆದುಕೊಂಡೇ ಮಲಗುತ್ತಾನೆ. ಮಕ್ಕಳಲ್ಲಿ ಸಾಮಾನ್ಯವಾಗಿ ಟಾನ್ಸಿಲ್, ಅಡೆನಾಯ್ಡ್ ದಪ್ಪಗಾಗಿ ದಾರಿ ಮುಚ್ಚುತ್ತವೆ. ಮಕ್ಕಳು ದೊಡ್ಡವರ ಹಾಗೆ ತೂಕಡಿಸುವುದಕ್ಕಿಂತ ತುಂಟತನ, ಸಿಟ್ಟು, ಪಾಠದಲ್ಲಿ ಗಮನವಿಲ್ಲದಿರುವುದು ಇವುಗಳಲ್ಲೇ ಅದನ್ನು ತೋರಿಸುತ್ತವೆ. ಕ್ಲಾಸಿನಲ್ಲಿ ಬೈಸಿಕೊಳ್ಳುವ ಎಷ್ಟು ಮಕ್ಕಳಿಗೆ ಬೇಕಿರುವುದು ಇಎನ್‌ಟಿ ಡಾಕ್ಟರೋ ಏನೋ.

ಇನ್ನು ಕುಡಿತ. ಅದು ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತೆ. ಮದುವೆ ಹಿಂದಿನ ರಾತ್ರಿ ಛತ್ರದ ಹಿಂದೆ ಕಾರಿನ ಡಿಕ್ಕಿ ತೆರೆದುಕೊಂಡವರ ಗೊರಕೆಯೇ ಬೇರೆ ಶ್ರುತಿಯಲ್ಲಿತ್ತು. ಬೀಡಿ ಸಿಗರೇಟು ಗಂಟಲನ್ನು ಊದಿಸುತ್ತೆ. ಇದನ್ನು ಬರೆಯುವಾಗ ಸ್ವಲ್ಪ ಮುಜುಗರವೇ, ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ತಂಬಾಕು.

ಇಷ್ಟೆಲ್ಲ ಓದಿದ ಮಗ ಏನು ಮಾಡಿದ? ಮನೆಯಲ್ಲಿ ಜೋರಾಗಿ ಗೊರಕೆ ಹೊಡೆಯೋದು ಅಪ್ಪ. ಹಾಗಾಗಿ ಮೈಸೂರಿನಲ್ಲಿ ನಿದ್ದೆ ಪರೀಕ್ಷೆಗೆ ಅಪ್ಪನ ಹೆಸರು ಬುಕ್ ಮಾಡಿದೆ. ಗೊರಕೆ, ವಯಸ್ಸು, ಗಂಡಸು: ಮೂರು ಅಂಕ.

ಅದನ್ನು ಕೇಳಿ ನನ್ನ ಹೆಂಡತಿ, "ಮಾವಂಗೆ ಮಾಡ್ಸೋದು ಮಾಡ್ಸಿ. ಆದ್ರೆ ಛತ್ರದಲ್ಲಿ ನಾನು ಅತ್ತೆ ಪಕ್ಕ ಮಲಗಿದ್ದೆ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ಮೂರು ಸಲ ಉಸಿರು ಕಟ್ಟಿದವರ ಹಾಗೆ ಎದ್ದು ಕೂತ್ಕೊಂಡ್ರು. ಗೊರಕೇನೂ ಇದೆ, ಮಾವನಷ್ಟು ಜೋರಿಲ್ಲ. ಎಲ್ಲರ ಎದುರು ಹೇಳಿದ್ರೆ ಅವರಿಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ" ಅಂದಳು.

ಅವ್ವನ ವಯಸ್ಸು ಐವತ್ನಾಲ್ಕು. ದಪ್ಪ ಅಂತ ಯಾರೂ ಅನ್ನಲ್ಲ, ಮಟ್ಟಸ. ಬಿ.ಪಿ.ಗೆ ಎರಡು ಮಾತ್ರೆ ನುಂಗಿಯೂ ನೂರೈವತ್ತರ ಕೆಳಗೆ ಇಳಿಯುತ್ತಿರಲಿಲ್ಲ. ಥೈರಾಯ್ಡ್ ಮಾತ್ರೆ ಬೇರೆ. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ಹಣೆಗೆ ಬಟ್ಟೆ ಬಿಗಿದುಕೊಂಡೇ ಒಲೆ ಮುಂದೆ ನಿಲ್ಲೋದು. ರಾತ್ರಿ ನಾಲ್ಕು ಸಲ ಬಚ್ಚಲಿಗೆ. ಶುಗರ್ ಇರಬಹುದು ಅಂತ ಎರಡು ಸಲ ರಕ್ತ ಪರೀಕ್ಷೆ ಮಾಡಿಸಿದ್ದೆವು, ಇರಲಿಲ್ಲ. "ನಿದ್ದೇನೇ ಬರಾಕಿಲ್ಲ ಕಣಪ್ಪ" ಅಂತ ವರ್ಷದಿಂದ ಹೇಳುತ್ತಿದ್ದರು. ಒಂದು ಕಡೆ ತೋರಿಸಿದಾಗ ಐದು ನಿಮಿಷದಲ್ಲಿ ನಿದ್ದೆ ಮಾತ್ರೆ ಬರೆದುಕೊಟ್ಟರು. ಆ ಮಾತ್ರೆ ಗಂಟಲನ್ನು ಇನ್ನೂ ಸಡಿಲ ಮಾಡಬಹುದು, ಉಸಿರು ನಿಂತಾಗ ಎಚ್ಚರಿಸುವ ಮಿದುಳನ್ನೂ ಮಂಕು ಮಾಡಬಹುದು ಅನ್ನೋದು ನಮಗೆ ಗೊತ್ತಿರಲಿಲ್ಲ. ನಾನೇ ಪ್ರತಿ ತಿಂಗಳು ಮೈಸೂರಿನಿಂದ ತಂದುಕೊಡುತ್ತಿದ್ದೆ.

ಅವ್ವನಿಗೂ ಎಂಟು ಪ್ರಶ್ನೆ ಹಾಕಿ ನೋಡಿದೆ. ಸುಸ್ತು, ಬಿ.ಪಿ., ವಯಸ್ಸು. ಮೂರೇ ಅಂಕ, ಅಪ್ಪನಷ್ಟೇ. ಹೆಂಡತಿ ಕಂಡಿದ್ದನ್ನು ಸೇರಿಸಿದೆ. ಗೊರಕೆಗೊಂದು, ಉಸಿರು ನಿಂತಿದ್ದಕ್ಕೊಂದು. ಐದು. ಅವ್ವನ ಮೈಯಲ್ಲಿ ಏನೂ ಬದಲಾಗಿರಲಿಲ್ಲ. ಒಂದು ರಾತ್ರಿ ಪಕ್ಕದಲ್ಲಿ ಯಾರೋ ಎಚ್ಚರವಾಗಿದ್ದರು, ಅಷ್ಟೇ.

ಯಾಕೆಂದರೆ ಊರಲ್ಲಿ ಅಪ್ಪ ಮಲಗೋದು ಪಡಸಾಲೆಯ ಮಂಚದ ಮೇಲೆ, ಅವ್ವ ಒಳಗಿನ ಕೋಣೆಯಲ್ಲಿ. ಪಕ್ಕದಲ್ಲೇ ಇದ್ದಿದ್ದರೂ ಅಪ್ಪನ ಪಂಪ್‌ಸೆಟ್ಟಿನ ಸದ್ದಿನಲ್ಲಿ ಏನು ಕೇಳಿಸುತ್ತಿತ್ತು? ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವವರ ನಿದ್ದೆಯನ್ನು ನೋಡಿದವರು ಯಾರಿದ್ದಾರೆ?

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಮೊದಲು ಸ್ಲೀಪ್ ಕ್ಲಿನಿಕ್ಕುಗಳಿಗೆ ಬರುತ್ತಿದ್ದವರಲ್ಲಿ ಒಬ್ಬ ಹೆಂಗಸಿಗೆ ಎಂಟು ಗಂಡಸರ ಪ್ರಮಾಣವಿತ್ತಂತೆ. ಕ್ಲಿನಿಕ್ ಬಿಟ್ಟು ಸಾಮಾನ್ಯ ಜನರನ್ನೇ ಪರೀಕ್ಷೆ ಮಾಡಿದಾಗ ಅದು ಒಂದಕ್ಕೆ ಎರಡು ಮೂರಷ್ಟೇ. ಉಳಿದ ಹೆಂಗಸರು ಕ್ಲಿನಿಕ್ಕಿನವರೆಗೆ ಬರಲೇ ಇಲ್ಲ. ಮುಟ್ಟು ನಿಲ್ಲುವವರೆಗೆ ಹಾರ್ಮೋನುಗಳು ಒಂದಿಷ್ಟು ಕಾಪಾಡುತ್ತವೆ, ನಿಂತ ಮೇಲೆ ಅಪಾಯ ಏರುತ್ತೆ. ಪಿಸಿಒಎಸ್ ಇರುವ ಹುಡುಗಿಯರಿಗಂತೂ ಅದಕ್ಕಿಂತ ಮುಂಚೆಯೇ. ಹೆಂಗಸರು ಬಂದು ಹೇಳೋದೂ ಗೊರಕೆ ಅಂತಲ್ಲ. ನಿದ್ದೆ ಬರಲ್ಲ, ತಲೆನೋವು, ಸುಸ್ತು, ಯಾವುದರಲ್ಲೂ ಮನಸ್ಸಿಲ್ಲ ಅಂತ. ಕೇಳಿದವರು ಟೆನ್ಷನ್ ಮಾಡ್ಕೋಬೇಡಿ ಅಂತ ಕಳಿಸ್ತಾರೆ. ಆ ಎಂಟು ಪ್ರಶ್ನೆಗಳೂ ಅಷ್ಟೇ. ಗಂಡಸಾ ಅಂತ ಕೇಳಿ ಅಂಕ ಕೊಡುತ್ತವೆ, ಮುಟ್ಟು ನಿಂತಿದೆಯಾ ಅಂತ ಕೇಳಲ್ಲ. ಥೈರಾಯ್ಡ್ ಕೇಳಲ್ಲ. ದವಡೆ ನೋಡಲ್ಲ. ನಮ್ಮ ದೇಶದಲ್ಲಿ ಸುಮಾರು 10.4 ಕೋಟಿ ಜನರಿಗೆ ಈ ಕಾಯಿಲೆ ಇರಬಹುದು ಅಂತ 2023ರಲ್ಲಿ ದೆಹಲಿಯ ಏಮ್ಸ್ ವೈದ್ಯರು ಅಂದಾಜು ಮಾಡಿದ್ದರು. ಗಂಡಸರಲ್ಲಿ ನೂರಕ್ಕೆ ಹದಿಮೂರು, ಹೆಂಗಸರಲ್ಲಿ ಐದು. ಆ ಐದು ಅನ್ನೋ ಅಂಕಿ ಕಂಡಾಗೆಲ್ಲ ನನಗೆ ನಮ್ಮವ್ವನ ಮೂರು ಅಂಕ ನೆನಪಾಗುತ್ತೆ.

ಇನ್ನೊಂದು ಸುಳಿವಂತೂ ನನ್ನ ಕಣ್ಣೆದುರೇ ಇತ್ತು. ಇದು ವಂಶದಲ್ಲಿ ಹರಿಯುತ್ತೆ. ಛತ್ರದಲ್ಲಿ ನಾನು ಉಸಿರು ಎಣಿಸಿದ್ದು ಯಾರದ್ದು? ಅವ್ವನ ಒಡಹುಟ್ಟಿದ ತಮ್ಮನದ್ದು. ಇಬ್ಬರದೂ ಒಂದೇ ಗಲ್ಲ, ಒಂದೇ ಗಿಡ್ಡ ಕುತ್ತಿಗೆ. ತಮ್ಮನಿಗಿದ್ದರೆ ಅಕ್ಕನಿಗೂ ಇರಬಹುದು ಅಂತ ಇಂಜಿನಿಯರ್ ತಲೆಗೆ ಹೊಳೆಯಲೇ ಇಲ್ಲ.

ಅವ್ವನನ್ನು ಒಪ್ಪಿಸೋದು ಸುಲಭವಾಗಲಿಲ್ಲ. "ಹೆಂಗಸು ಗೊರ್ಕೆ ಹೊಡೀತಾಳೆ ಅಂತ ಆಸ್ಪತ್ರೆಗೆ ಹೋದ್ರೆ ಜನ ನಗಾಕಿಲ್ವಾ?" ಅಂತ ಸೆರಗು ಬಾಯಿಗೆ ಅಡ್ಡ ಹಿಡಿದರು. ಕೊನೆಗೆ ಅಪ್ಪನ ಪರೀಕ್ಷೆಗೆ ಜೊತೆಗೆ ಬನ್ನಿ ಅಂತ ಕರೆದುಕೊಂಡು ಹೋಗಿ ಇಬ್ಬರಿಗೂ ಮಾಡಿಸಿದೆವು. ನೋವೇನೂ ಇಲ್ಲ. ತಲೆಗೆ, ಎದೆಗೆ ವೈರು ಅಂಟಿಸಿ, ಬೆರಳಿಗೆ ಕ್ಲಿಪ್ಪು, ಮೂಗಿಗೆ ಸಣ್ಣ ಕೊಳವೆ ಇಟ್ಟು ಒಂದು ರಾತ್ರಿ ಮಲಗಿಸುತ್ತಾರೆ. ಈಗ ಮನೆಯಲ್ಲೇ ಮಾಡುವ ಸಣ್ಣ ಪರೀಕ್ಷೆಯೂ ಇದೆ.

ಅಪ್ಪನಿಗೆ ಗಂಟೆಗೆ ನಾಲ್ಕು. ಬರೀ ಗೊರಕೆ, ಕಾಯಿಲೆಯಲ್ಲ. "ನನ್ದು ಪಾಸ್" ಅಂತ ಊರೆಲ್ಲ ಹೇಳಿಕೊಂಡು ಬಂದರು.

ಅವ್ವನಿಗೆ ಮೂವತ್ತೆಂಟು. ಆಕ್ಸಿಜನ್ ಒಂದು ಹಂತದಲ್ಲಿ 76ಕ್ಕೆ ಇಳಿದಿತ್ತು. ಕೋವಿಡ್ ಸಮಯದಲ್ಲಿ ಇದೇ ಅಂಕಿಗೆ ನಾವೆಲ್ಲ ಆಂಬ್ಯುಲೆನ್ಸ್ ಹುಡುಕುತ್ತಿದ್ದೆವು. ಅವ್ವ ಪ್ರತಿ ರಾತ್ರಿ ಅಲ್ಲಿಗೆ ಹೋಗಿ ಬಂದು, ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕುತ್ತಿದ್ದರು. ರಿಪೋರ್ಟ್ ಹಿಡಿದುಕೊಂಡು ಪಾರ್ಕಿಂಗಿನಲ್ಲಿ ಸ್ವಲ್ಪ ಹೊತ್ತು ಕಾರು ಸ್ಟಾರ್ಟ್ ಮಾಡದೆ ಕೂತಿದ್ದೆ.

ಈಗ ಸಿಪ್ಯಾಪ್ ಯಂತ್ರ ಇದೆ. ಮೂಗಿನ ಮಾಸ್ಕಿನಿಂದ ಹದವಾದ ಒತ್ತಡದಲ್ಲಿ ಗಾಳಿ ತಳ್ಳಿ ದಾರಿ ಮುಚ್ಚದ ಹಾಗೆ ನೋಡಿಕೊಳ್ಳುತ್ತೆ. ಮೊದಲ ವಾರ ರಾತ್ರಿ ಕಿತ್ತು ಎಸೆಯುತ್ತಿದ್ದರು. ಮೂಗು ಒಣಗುತ್ತೆ, ಕೆನ್ನೆ ಮೇಲೆ ಗೆರೆ ಬೀಳುತ್ತೆ, ಕರೆಂಟ್ ಹೋದರೆ ನಿಲ್ಲುತ್ತೆ ಅಂತ ಯುಪಿಎಸ್ ಬೇರೆ ಹಾಕಿಸಬೇಕಾಯ್ತು. ಯಂತ್ರಕ್ಕೇ ನಲವತ್ತು ಸಾವಿರದ ಆಸುಪಾಸು ಖರ್ಚು, ಎಲ್ಲರ ಕೈಗೆಟುಕುವ ಮಾತಲ್ಲ. ನಿದ್ದೆ ಮಾತ್ರೆಯನ್ನು ಡಾಕ್ಟರು ದಿಢೀರ್ ಅಂತ ನಿಲ್ಲಿಸದೆ ನಿಧಾನವಾಗಿ ಬಿಡಿಸಿದರು. ಬಿ.ಪಿ. ಮಾತ್ರೆ ನಿಂತಿಲ್ಲ, ಆದರೆ ಈಗ ಹತೋಟಿಯಲ್ಲಿದೆ. ರಾತ್ರಿ ಏಳೋದು ಒಂದೇ ಸಲ. ಹಣೆಗೆ ಕಟ್ಟುತ್ತಿದ್ದ ಬಟ್ಟೆ ಈಗ ಮಾಸ್ಕ್ ಒರೆಸೋಕೆ. ನಾಗರಹೊಳೆ ಅಂಚಿನ ಊರಿನವರಲ್ವಾ, ಆ ಕೊಳವೆಗೆ ಅವ್ವ ಇಟ್ಟ ಹೆಸರು ಸೊಂಡ್ಲು. ಒಂಬತ್ತೂವರೆಗೆ "ಸೊಂಡ್ಲು ಹಾಕ್ಕೊಂಡು ಮಲಿಕೊತೀನಿ" ಅಂತ ಒಳಗೆ ಹೋಗ್ತಾರೆ.

ಮಾವನಿಗೆ ಎಂಟರಲ್ಲಿ ಆರು ಅಂಕ. ಬಿ.ಪಿ. ಇನ್ನೂ ನೋಡಿಸಿಯೇ ಇಲ್ಲ, ನೋಡಿಸಿದರೆ ಏಳಾದರೂ ಆಗಬಹುದು. ಜೂನ್‌ನಲ್ಲಿ ಫೋನ್ ಮಾಡಿದರೆ "ನಾಟಿ ಮುಗೀಲಿ" ಅಂದರು. ಆಗಸ್ಟ್‌ನಲ್ಲಿ "ಬ್ಯಾರನ್ ಇಳೀಲಿ ಬುಡು" ಅಂದರು. ಈಗ ಸೊಪ್ಪಿನ ಬೇಲು ಹೇರಿಕೊಂಡು ಗೂಡ್ಸ್ ಆಟೋದಲ್ಲಿ ತಾವೇ ಕಂಪಲಾಪುರದ ಹರಾಜು ಮಾರ್ಕೆಟ್ಟಿಗೆ ಓಡಾಡುತ್ತಿದ್ದಾರೆ, ಬೆಳಗಿನ ಜಾವ ಹೊರಟು. ಹೋದ ಭಾನುವಾರ ಅವ್ವನೇ ಫೋನ್ ಕಸಿದುಕೊಂಡು, "ನೋಡ್ಲಾ ತಮ್ಮ, ನಾನೇ ಹೋಗಿ ಮಲಿಕೊಂಡು ಬಂದಿವ್ನಿ. ನಿಂಗೇನ್ಲಾ ಬಂದಿರೋದು?" ಅಂತ ಜೋರು ಮಾಡಿದರು. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ನಾನು ಅಭ್ಯಾಸಬಲದಿಂದ ಎಣಿಸತೊಡಗಿದೆ.

"ಹರಾಜು ಮುಗೀಲಿ ಕಣಕ್ಕ" ಅಂದರು ಮಾವ. ಮುಂದಿನ ಶುಕ್ರವಾರ ರಾತ್ರಿಗೆ ಅವರ ಹೆಸರಲ್ಲಿ ಮನೆಯಲ್ಲೇ ಮಾಡುವ ಪರೀಕ್ಷೆ ಬುಕ್ ಮಾಡಿದ್ದೇನೆ. ಪೆಟ್ಟಿಗೆ ನಾನೇ ತಗೊಂಡು ಹೋಗ್ತೀನಿ, ರಾತ್ರಿ ಅಲ್ಲೇ ಅವರ ಪಕ್ಕ ಮಲಗ್ತೀನಿ. ಅತ್ತೆಗೆ ಮಾತ್ರ ಹೇಳಿದ್ದೇನೆ, ಮಾವನಿಗೆ ಇನ್ನೂ ಹೇಳಿಲ್ಲ.